ತಟಸ್ಥನಲ್ಲದವನ ವೋಟು

"ಈ ಲೇಖನವನ್ನು ಅಳಿಸಬೇಕು. ಈ ಕಲಾವಿದೆ ವಿಶ್ವಕೋಶಕ್ಕೆ ಸೇರುವಷ್ಟು ಹೆಸರಾದವರು ಎಂದು ತೋರಿಸುವ ಒಂದು ಆಧಾರವೂ ಇಲ್ಲ."

ಇಂಗ್ಲಿಷಿನಲ್ಲಿದ್ದ ಈ ಎರಡು ಸಾಲನ್ನು ತನುಶ್ರೀ ದ್ವಾರಕಾ ನಗರದ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಮೂರು ಸಲ ಓದಿದಳು. ಮೂರನೇ ಸಲಕ್ಕೆ ಕಿವಿಯ ತುದಿ ಬಿಸಿಯಾಯಿತು. ಹೆಸರಾದವರು ಅಲ್ಲವಂತೆ! ಹೆಸರು ಹಾಕದೇ ಇದ್ದವರು ಯಾರು, ಅದನ್ನು ಮೊದಲು ಹೇಳು ಮಹಾರಾಯ, ಎಂದು ಅವಳು ಕಂಪ್ಯೂಟರಿಗೇ ಹೇಳಿದಳು. ಪಕ್ಕದ ಕುರ್ಚಿಯವರು ತಿರುಗಿ ನೋಡಿದರು.

ಅದು 2007ರ ಫೆಬ್ರವರಿ. ಹುಬ್ಬಳ್ಳಿಯ ತನುಶ್ರೀ ಬ್ಯಾಂಕ್ ಆಫೀಸರಾಗಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಬಂದ ಹೊಸದರಲ್ಲಿ ಊರೂ ಬೇಡ, ಊಟವೂ ಬೇಡ ಎಂದು ಮುಖ ಊದಿಸಿಕೊಂಡಿದ್ದವಳನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಮನೆಯ ಗಂಗಾಭವಾನಿಯಮ್ಮನ ಪಿಟೀಲು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಕೇಳಿದಳು. ಮರುವಾರ ಶಿಷ್ಯೆಯಾದಳು. ಮೂವತ್ತೈದು ವರ್ಷ ವಿಜಯವಾಡದ ವೇದಿಕೆಗಳಲ್ಲಿ ದೊಡ್ಡ ದೊಡ್ಡ ಹಾಡುಗಾರರ ಪಕ್ಕದಲ್ಲಿ ಕೂತು ನುಡಿಸಿದ ಹೆಂಗಸು ಆಕೆ. ಆದರೆ ಪತ್ರಿಕೆಗಳಲ್ಲಿ ಹಾಡಿದವರ ಹೆಸರು ದಪ್ಪಕ್ಷರದಲ್ಲಿ ಬರುತ್ತಿತ್ತು. ಕೊನೆಗೆ "ಪಕ್ಕವಾದ್ಯದವರು ಚೆನ್ನಾಗಿ ಸಹಕರಿಸಿದರು" ಎಂಬ ಒಂದು ಸಾಲು. ಆ ಸಾಲಿನಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ.

ಆ ಸಿಟ್ಟಿಗೇ ತನುಶ್ರೀ ಅಂತರ್ಜಾಲದ ವಿಶ್ವಕೋಶದಲ್ಲಿ ಆಕೆಯ ಬಗ್ಗೆ ಒಂದು ಪುಟ ಬರೆದಿದ್ದಳು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಕರಾರು ತೆಗೆಯಬಹುದು. ತಕರಾರು ಬಂದರೆ ಐದು ದಿನ ಚರ್ಚೆ, ಇರಲಿ ಅಥವಾ ಅಳಿಸಿ ಎಂದು ವೋಟು, ಆಮೇಲೆ ಒಬ್ಬ ನಿರ್ವಾಹಕನ ತೀರ್ಪು. ಕನಿಷ್ಠ ಎರಡು ಕಡೆ, ಸಂಬಂಧವಿಲ್ಲದವರು ಬರೆದು ಅಚ್ಚಾದ ಆಧಾರ ಬೇಕು ಎಂಬುದು ನಿಯಮ.

ತಕರಾರು ತೆಗೆದವನ ಹೆಸರು ಉಮಾಪತಿ. ಅವನ ಪರಿಚಯದ ಪುಟ ತೆರೆದರೆ ಇನ್ನೂ ಉರಿಯಿತು. ಊರು ಮೈಸೂರು, ಇರುವುದು ವಿಜಯವಾಡ. ನಮ್ಮವನೇ!

ಅವಳು ಕನ್ನಡದಲ್ಲೇ ಬರೆದಳು: "ಆಧಾರ ಇಲ್ಲ ಅಂತ ಕುರ್ಚಿ ಮ್ಯಾಲೆ ಕುಂತು ಹೇಳೂದು ಸುಲಭ. ನೀವು ಹುಡುಕಿ ನೋಡೀರೇನು?"

ಒಂದು ಗಂಟೆಯಲ್ಲಿ ಉತ್ತರ ಬಂತು. "ಇಲ್ಲ, ಹುಡುಕಿಲ್ಲ. ಅದು ನನ್ನ ತಪ್ಪು. ಇಲ್ಲಿನ ಲೈಬ್ರರಿಯಲ್ಲಿ ಹಳೇ ಪೇಪರ್‌ಗಳನ್ನ ಬೈಂಡ್ ಮಾಡಿಟ್ಟಿದ್ದಾರೆ. ಬನ್ನಿ, ಜೊತೇಲಿ ಹುಡುಕೋಣ. ಸಿಕ್ಕರೆ ಸಂತೋಷ. ಸಿಗದಿದ್ರೆ ನನ್ನ ವೋಟು ಹಾಗೇ ಇರುತ್ತೆ."

ಎಂಥಾ ಕೊಬ್ಬು, ಎಂದುಕೊಂಡು ತನುಶ್ರೀ ಮಂಗಳವಾರಕ್ಕೆ ರಜೆ ಬರೆದು ಕೊಟ್ಟಳು.

ವಿಜಯವಾಡದ ಆ ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದವನು ಅವಳು ಕಲ್ಪಿಸಿಕೊಂಡ ಬೋಳುತಲೆಯ ಮೇಷ್ಟ್ರಲ್ಲ. ಮೂವತ್ತು ದಾಟಿರದ ತೆಳ್ಳಗಿನ ಮನುಷ್ಯ. ಶರ್ಟಿನ ಜೇಬಿನಲ್ಲಿ ಒಂದು ಪುಟ್ಟ ಟಾರ್ಚು, ಒಂದು ಭೂತಗನ್ನಡಿ.

"ನೀವಾ ಉಮಾಪತಿ? ನಾ ಯಾರೋ ಮುದುಕರು ಅಂತ ತಿಳ್ಕೊಂಡಿದ್ದೆ."

"ನಾನೂ ಅಷ್ಟೇ ಕಣ್ರೀ. ನಿಮ್ಮ ಮೆಸೇಜ್ ಓದಿ, ರಿಟೈರಾದ ಹೆಡ್‌ಮಿಸ್ಟ್ರೆಸ್ ಇರಬೇಕು ಅನ್ಕೊಂಡಿದ್ದೆ."

ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. ಅವನು ಅದನ್ನು ನೋಡಿದ, ನೋಡಿಯೂ ನೋಡದವನಂತೆ ಬಾಗಿಲು ತಳ್ಳಿ ಹಿಡಿದ.

ಆಟೋನಗರದಲ್ಲಿ ಬಸ್ಸಿನ ಬಾಡಿ ಕಟ್ಟುವ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ವೆಲ್ಡಿಂಗ್ ಆದ ಜಾಗಗಳನ್ನು ಟಾರ್ಚ್ ಬಿಟ್ಟು ನೋಡಿ, ಬಿರುಕಿದ್ದರೆ ವಾಪಸ್ ಕಳಿಸುವುದು. "ದಿನಾ ಎಷ್ಟು ಜನ ಬೈತಾರ ನಿಮಗ?" ಎಂದು ಅವಳು ಕೇಳಿದಾಗ, "ಲೆಕ್ಕ ಇಟ್ಟಿಲ್ಲ," ಎಂದ. ಅದೇ ಭೂತಗನ್ನಡಿಯಿಂದ ಅವನು ಮಾಸಿದ ತೆಲುಗು ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದ. ಅವಳು ಎದುರು ಕೂತು ಇನ್ನೊಂದು ಕಟ್ಟು ತೆರೆದಳು. ದೂಳಿಗೆ ಇಬ್ಬರೂ ಒಟ್ಟಿಗೇ ಸೀನಿದರು. ಒಟ್ಟಿಗೇ ತಲೆ ಎತ್ತಿದರು. ಅವಳೇ ಮೊದಲು ಕಣ್ಣು ತಗ್ಗಿಸಿದಳು, ಮತ್ತು ತಗ್ಗಿಸಿದ್ದಕ್ಕೆ ತನ್ನ ಮೇಲೆ ತಾನೇ ರೇಗಿಕೊಂಡಳು.

ಹನ್ನೊಂದು ಗಂಟೆಗೆ ಅವನು ಭೂತಗನ್ನಡಿ ಕೆಳಗಿಟ್ಟ. "ತನುಶ್ರೀ ಅವರೇ, ಇಲ್ಲಿ ನೋಡಿ."

1968ರ ರಾಮನವಮಿಯ ಕಛೇರಿಗಳ ವರದಿ ಅದು. ಪಿಟೀಲಿಗೆ ಹೆಂಗಸು ಕೂತರೆ ತಾನು ಹಾಡುವುದಿಲ್ಲ ಎಂದು ಗಾಯಕರು ಹಟ ಹಿಡಿದರು. ವ್ಯವಸ್ಥಾಪಕರು ಗಂಗಾಭವಾನಿಗೆ ವೇದಿಕೆಯಿಂದ ಏಳಲು ಹೇಳಿದರು. ಆಕೆ ಏಳಲಿಲ್ಲ. ಗಾಯಕರೇ ಎದ್ದು ಹೋದರು. ಇಪ್ಪತ್ತೊಂಬತ್ತು ವರ್ಷದ ಆ ಹೆಂಗಸು ಮೈಕನ್ನು ತನ್ನ ಕಡೆ ಎಳೆದುಕೊಂಡು ಎರಡೂವರೆ ಗಂಟೆ ಒಬ್ಬಳೇ ನುಡಿಸಿದಳು, ಜನ ಕದಲಲಿಲ್ಲ ಎಂದು ವಿಮರ್ಶಕ ಅರ್ಧ ಕಾಲಂ ಬರೆದಿದ್ದ. ಹೆಸರು ಹಾಕಿ ಬರೆದಿದ್ದ.

ತನುಶ್ರೀ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು ಆ ಸಾಲುಗಳನ್ನು ಜೋರಾಗಿ ಓದಿದಳು. ಲೈಬ್ರರಿಯವರು ದೂರದಿಂದಲೇ ಗದರಿದರು: "ಮೇಡಂ, ಇಲ್ಲಿ ಸೈಲೆನ್ಸು!"

"ಮೂವತ್ತೊಂಬತ್ತು ವರ್ಷ ಸೈಲೆನ್ಸ್ ಇದ್ದದ್ದು ಸಾಕ್ರಿ!" ಎಂದು ಅವಳು ಕನ್ನಡದಲ್ಲೇ ತಿರುಗಿಸಿ ಕೊಟ್ಟು, ಕಣ್ಣು ಒರೆಸಿಕೊಂಡು, ಉಳಿದದ್ದನ್ನೂ ಅಷ್ಟೇ ಜೋರಾಗಿ ಓದಿ ಮುಗಿಸಿದಳು. ಉಮಾಪತಿ ಕೂತಲ್ಲೇ ಅವಳನ್ನು ನೋಡುತ್ತಿದ್ದ. ಭೂತಗನ್ನಡಿ ಕೈಯಿಂದ ಜಾರಿ ಮೇಜಿನ ಮೇಲೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ಸಂಜೆಯವರೆಗೆ ಹುಡುಕಿದರೂ ಇನ್ನೊಂದು ವರದಿ ಸಿಗಲಿಲ್ಲ. ಆದರೂ ಹೊರಗಿನ ಟೀ ಅಂಗಡಿಯಲ್ಲಿ ಅವಳು ಗೆದ್ದ ಮುಖದಲ್ಲಿ ಕೇಳಿದಳು. "ಇನ್ನ ನಿಮ್ಮ ವೋಟು ಬದಲಾತು, ಹೌದಲ್ರೀ?"

ಅವನು ಗ್ಲಾಸನ್ನು ಎರಡು ಸಲ ತಿರುಗಿಸಿದ. "ಇಲ್ಲ."

"ಏನು?"

"ಒಂದು ಆಧಾರ ಸಿಕ್ತು. ಎರಡು ಬೇಕು. ಒಂದು ಜಾಯಿಂಟ್ ಚೆನ್ನಾಗಿದೆ ಅಂತ ಇಡೀ ಬಸ್ಸನ್ನ ಪಾಸ್ ಮಾಡಕ್ಕಾಗಲ್ಲ ಕಣ್ರೀ. ಇವತ್ತು ಇವರಿಗೆ ಬಿಟ್ಟರೆ ನಾಳೆ ಯಾವನೋ ತನ್ನ ಬಗ್ಗೆ ತಾನೇ ಬರ್ಕೊಂಡು ಬರ್ತಾನೆ."

"ಪಕ್ಕವಾದ್ಯದವರ ಹೆಸರು ಹಾಕಬಾರದು ಅಂತ ಅಂದಿನವರು ನಿಯಮ ಮಾಡಿದ್ರು. ಹೆಸರು ಇಲ್ಲದವರು ಬ್ಯಾಡ ಅಂತ ಇಂದಿನವರು ನಿಯಮ ಮಾಡೀರಿ. ಏನು ಫರಕ್ ಆತು?"

ಅವನು ಗ್ಲಾಸು ಕೆಳಗಿಟ್ಟ. "ನೀವು ಹೇಳಿದ್ದು ಸರಿ. ಆದ್ರೂ ನಾನು ಸುಳ್ಳು ವೋಟು ಹಾಕಲ್ಲ. ನೀವು... ನೀವು ಕೇಳಿದ್ರೂ."

"ನಾ ಎಲ್ಲಿ ಕೇಳೇನಿ?" ಅವಳು ಬ್ಯಾಗು ಹೆಗಲಿಗೇರಿಸಿದಳು. "ನನ್ನ ಮಾರಿ ನೋಡಿ ವೋಟು ಬದಲಿಸಿದ್ರ ಆ ಪುಟ ನನಗ ಬ್ಯಾಡ. ತಿಳೀತಿಲ್ಲೋ?"

ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಅವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದಳು. ತುನಿ ದಾಟುವ ಹೊತ್ತಿಗೆ ಬೈಗುಳ ಖಾಲಿಯಾದವು. ಮಿಕ್ಕದ್ದು ಅವನ ಮುಖ ಮಾತ್ರ. ಬದಲಿಸುತ್ತೇನೆ ಎಂದಿದ್ದರೆ ಈ ಹೊತ್ತಿಗೆ ಮರೆತೇ ಬಿಡುತ್ತಿದ್ದೆನಲ್ಲ ಎನಿಸಿ ಅವಳಿಗೆ ಹೆದರಿಕೆಯಾಯಿತು.

ಗುರುವಾರ ಚರ್ಚೆಯ ಕೊನೆಯ ದಿನ. ಬ್ಯಾಂಕ್ ಬಿಟ್ಟವಳೇ ಇಂಟರ್ನೆಟ್ ಸೆಂಟರಿಗೆ ಓಡಿದಳು. ಚರ್ಚೆಯ ಕೆಳಗೆ ಉಮಾಪತಿ, ಲೋಕವೆಲ್ಲ ಓದಬಹುದಾದ ಜಾಗದಲ್ಲಿ, ಇಂಗ್ಲಿಷಿನಲ್ಲಿ ನೆಟ್ಟಗೆ ಬರೆದಿದ್ದ:

"ನನ್ನ ಆಕ್ಷೇಪ ನಿಯಮದ ಪ್ರಕಾರ ಸರಿಯೆಂದು ಈಗಲೂ ನಂಬಿದ್ದೇನೆ. ಆದರೆ ನನ್ನ ವೋಟನ್ನು ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇಲ್ಲಿ ಯಾರಿಗೆ ಪಕ್ಷಪಾತವಿದ್ದರೂ ಅದನ್ನು ಬಹಿರಂಗವಾಗಿ ಹೇಳಬೇಕು. ಲೇಖನ ಬರೆದವರ ವಿಷಯದಲ್ಲಿ ನಾನು ತಟಸ್ಥನಾಗಿ ಉಳಿದಿಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಯಿಂದ."

ಕೆಳಗೆ ಯಾವ ದೇಶದವನೋ ಒಬ್ಬ, "ಸ್ವಲ್ಪ ಬಿಡಿಸಿ ಹೇಳುತ್ತೀರಾ?" ಎಂದು ಕೇಳಿದ್ದ. ಅದಕ್ಕೆ ಉತ್ತರವಿರಲಿಲ್ಲ.

ತನುಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪುಟ ಉಳಿಯಬೇಕೆಂದರೆ ಈಗ ಸುಮ್ಮನಿರಬೇಕು. ಅವನದೊಂದು ವೋಟು ಕಳೆದಿತ್ತು, ಅವಳದು ಹಾಗೇ ಇತ್ತು. ಸುಮ್ಮನಿರು ಎಂದು ಬುದ್ಧಿ ಹೇಳಿತು. ಆ ಮನುಷ್ಯ ತನ್ನದನ್ನು ಬಿಚ್ಚಿಟ್ಟ ಮೇಲೆ ತಾನು ಬಚ್ಚಿಡುವುದೇ? ಥೂ! ಅವಳು ಟೈಪ್ ಮಾಡಿದಳು:

"ನಾನು ಗಂಗಾಭವಾನಿಯವರ ಶಿಷ್ಯೆ. ಇದನ್ನು ಮೊದಲೇ ಹೇಳಬೇಕಿತ್ತು. ನನ್ನ ವೋಟನ್ನೂ ಬಿಡಿ. ಆಕ್ಷೇಪ ಎತ್ತಿದವರ ವಿಷಯದಲ್ಲಿ ನಾನೂ ತಟಸ್ಥಳಲ್ಲ. ಹನ್ನೊಂದಕ್ಕೂ ಸ್ವಲ್ಪ ಮೊದಲಿನಿಂದ."

ಶುಕ್ರವಾರ ತೀರ್ಪು ಬಂತು. ಇಬ್ಬರ ವೋಟನ್ನೂ ಬಿಟ್ಟರೆ ಉಳಿದ ನಾಲ್ಕರಲ್ಲಿ ಮೂರು ಅಳಿಸಲು. ಒಂದೇ ಆಧಾರ ಸಾಲದು. ಇನ್ನೊಂದು ಸಿಕ್ಕರೆ ಮತ್ತೆ ಬರೆಯಬಹುದು. ಗಂಗಾಭವಾನಿಯ ಪುಟ ಇದ್ದ ಜಾಗದಲ್ಲಿ ಬಿಳಿ ಹಾಳೆ.

ಭಾನುವಾರ ಉಮಾಪತಿ ವಿಶಾಖಪಟ್ಟಣಕ್ಕೆ ಬಂದ. ತನುಶ್ರೀ ಅತ್ತು ಕೆಂಪಾದ ಕಣ್ಣಿನಲ್ಲೇ ಅವನನ್ನು ಗಂಗಾಭವಾನಿಯಮ್ಮನ ಮುಂದೆ ನಿಲ್ಲಿಸಿದಳು. ಆಕೆ ಪಿಟೀಲಿನ ತಂತಿ ಒರೆಸುತ್ತಾ ತೆಲುಗಿನಲ್ಲಿ ಕೇಳಿದರು:

"ನನ್ನನ್ನ ಅಳಿಸು ಅಂದೋನು ನೀನೇನಾ?"

"ಹೌದಮ್ಮ."

"ಈಗೇನಂತೀಯ?"

"ನಿಯಮದ ಪ್ರಕಾರ ಈಗಲೂ..." ಎಂದು ಶುರು ಮಾಡಿ, ತನುಶ್ರೀಯ ಮುಖ ನೋಡಿ, ಆದರೂ ನಿಲ್ಲಿಸದೆ ಮುಗಿಸಿದ. "ಇನ್ನೊಂದು ಆಧಾರ ಬೇಕಮ್ಮ. ಆದ್ರೆ ಅದು ಎಲ್ಲೋ ಇದ್ದೇ ಇರುತ್ತೆ. ಹುಡುಕೋಕೆ ಅಡ್ಡಿಯಿಲ್ಲ ನನಗೆ."

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮಾಯೀ, ನಿನ್ನ ಎದುರಿಗೂ ಸುಳ್ಳು ಹೇಳೋಕೆ ಬರದವನು ಇವನು. ಅವತ್ತು ನನ್ನನ್ನ ಏಳು ಅಂದ್ರು, ನಾನು ಏಳಲಿಲ್ಲ. ನೀವೂ ಏಳಬೇಡಿ."

ಸಂಜೆ ಸಮುದ್ರದ ಕಟ್ಟೆಯ ಮೇಲೆ ಇಬ್ಬರೂ ಕೂತರು. ತನುಶ್ರೀ ಮರಳಿನ ಕಡೆ ನೋಡುತ್ತಲೇ ಕೇಳಿದಳು. "ಆ ಲೈಬ್ರರಿಯೊಳಗ ಇನ್ನ ಎಷ್ಟು ವರ್ಷದ ಪೇಪರ್ ಉಳದಾವು?"

"ಇಪ್ಪತ್ತಮೂರು. ವಾರಕ್ಕೊಂದು ದಿನ ಕೂತ್ರೆ ನಾಲ್ಕೈದು ವರ್ಷ ಬೇಕು."

"ವಾರಾ ವಾರಾ ಇಲ್ಲಿಂದ ಅಲ್ಲೀತನಕ ಟ್ರೇನಿನ್ಯಾಗ ಓಡಾಡೂದು ನನ್ನ ಕೈಲೆ ಆಗಂಗಿಲ್ಲ."

"ನಾನೇ ಬರೆದು ಕಳಿಸ್ತೀನಿ..."

"ನೀವು ಒಬ್ಬರೇ ಹುಡುಕೂದು ಬ್ಯಾಡ. ಗಂಗಾಭವಾನಿಯಮ್ಮನ ಹೆಸರು ನಾ ಓದಬೇಕು, ನನ್ನ ಕಣ್ಣಿಲೆ." ಅವಳು ಬ್ಯಾಗಿನಿಂದ ಮಡಿಸಿದ ಒಂದು ಹಾಳೆ ತೆಗೆದು ಅವನ ಮಡಿಲಿಗೆ ಇಟ್ಟಳು. ಬ್ಯಾಂಕಿನ ವರ್ಗಾವಣೆ ಅರ್ಜಿ. ಬೇಕಾದ ಊರು: ವಿಜಯವಾಡ. ಕಾರಣ: ಮದುವೆ. ಅದರ ಕೆಳಗೆ, ಗಂಡನ ಹೆಸರು ಎಂಬ ಕಡೆ ಖಾಲಿ ಬಿಟ್ಟಿತ್ತು.

ಉಮಾಪತಿ ಅದನ್ನು ಎರಡು ಸಲ ಓದಿದ. ಬಿರುಕು ಹುಡುಕುವ ಕಣ್ಣು ಅಲ್ಲೇ ನಿಂತು ತೇವವಾಯಿತು.

"ನಿಮ್ಮ ಮನೆಯವರು..."

"ಹುಬ್ಬಳ್ಯಾಗ ಗುದ್ದಾಡೂದು ನನ್ನ ಕೆಲಸ. ಮೈಸೂರಾಗ ಗುದ್ದಾಡೂದು ನಿಮ್ಮದು. ಪೆನ್ ಐತೇನು?"

ಅವನು ಜೇಬಿಗೆ ಕೈ ಹಾಕಿದ. ಟಾರ್ಚು ಬಂತು, ಭೂತಗನ್ನಡಿ ಬಂತು, ಪೆನ್ನು ಸಿಗಲಿಲ್ಲ. ಅವಳು ತನ್ನದನ್ನೇ ಕೊಟ್ಟಳು.

"ದಪ್ಪಕ್ಷರದಾಗ ಬರೀರಿ," ಎಂದಳು.

ಯಾವ ಆಧಾರವನ್ನೂ ಕೇಳದೆ ಅವನು ತನ್ನ ಹೆಸರು ಬರೆದ.