ಕಾರ್ಟನ್ ಮರೆಯ ದಾಳ

ಸುಳ್ಳು ಹೇಳುವುದರಲ್ಲಿ ಜೆಯಕುಮಾರ್ ಶುದ್ಧ ದಡ್ಡ. ಅದು ಅವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ತಮಿಳು ಸೀಮೆಯ ಗೂಡಲೂರಿನಲ್ಲಿ ದ್ರಾಕ್ಷಿ ತೋಟಗಳಿಗೆ ಔಷಧಿ ಮಾರುವ ಅಂಗಡಿ ಅವನದು. ವಾರವೆಲ್ಲ ಎಲೆರೋಗ, ಹುಳು, ಔಷಧಿಯ ಅಳತೆ ಇಷ್ಟೇ ಮಾತು. ಸಂಜೆ ಶಟರ್ ಎಳೆದ ಮೇಲೆ ಅದೂ ಇಲ್ಲ. ಊಟಕ್ಕೆ ಕೂತಾಗ ಯಾರಾದರೂ ಮಾತಾಡುತ್ತಿರಲಿ ಎಂದು ಫೋನನ್ನು ಚೊಂಬಿಗೆ ಒರಗಿಸಿಟ್ಟುಕೊಳ್ಳುತ್ತಿದ್ದ.

ಭಾನುವಾರ ಮಧ್ಯಾಹ್ನ ಮಾತ್ರ ಅಂಗಡಿಯ ಹಿಂದೆ ಅವನು ವಾಸವಿದ್ದ ಕೋಣೆಗೆ ಜೀವ ಬರುತ್ತಿತ್ತು. ಗೆಳೆಯ ಮಣಿ, ಅವನ ಹೆಂಡತಿ ಜೆಯಂತಿ ಬಂದು ಮೇಜಿನ ಸುತ್ತ ಕೂರುತ್ತಿದ್ದರು. ಅವರು ಆಡುತ್ತಿದ್ದದ್ದು ಕಥೆಯ ಆಟ. ಆಡುವವರು ಒಂದೊಂದು ಪಾತ್ರವಾಗುತ್ತಾರೆ; ಕಾಡು, ಕೋಟೆ, ಪಿಶಾಚಿಗಳನ್ನೆಲ್ಲ ಜೆಯಕುಮಾರ್ ಬಾಯಲ್ಲೇ ಕಟ್ಟುತ್ತಾನೆ; ಏಟು ಬಿತ್ತೋ ತಪ್ಪಿತೋ, ದಾಳ ತೀರ್ಮಾನಿಸುತ್ತದೆ. ಅವನ ದಾಳ ಉರುಳುತ್ತಿದ್ದದ್ದು ನಿಲ್ಲಿಸಿಟ್ಟ ದ್ರಾಕ್ಷಿಯ ರಟ್ಟಿನ ಕಾರ್ಟನ್ನಿನ ಮರೆಯಲ್ಲಿ.

ಆ ಮೇಜಿಗೆ ಗೋಮತಿ ಬಂದಳು. ಜೆಯಂತಿಯ ಶಾಲೆಯಲ್ಲೇ ಟೀಚರ್, ಹನುಮಂತನಪಟ್ಟಿಯವಳು, ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡವಳು. ಮನೆಯಲ್ಲಿ ಜೆಯಕುಮಾರನ ಹಾಗೆಯೇ ಕನ್ನಡ ಆಡುವವಳು. ಬೀಗ ಮುರಿಯುವ ಕಳ್ಳಿಯ ಪಾತ್ರ ಆರಿಸಿಕೊಂಡಳು.

ಹೊಸ ಪಾತ್ರಗಳ ಜೀವ ಬಲು ತೆಳು. ಒಬ್ಬ ದೊಡ್ಡ ರಾಕ್ಷಸನಿಗಿಂತ, ಸುತ್ತುಗಟ್ಟುವ ಪುಟ್ಟ ಪಿಶಾಚಿಗಳ ಗುಂಪೇ ಅವಕ್ಕೆ ಅಪಾಯ. ಎಲ್ಲವೂ ಒಟ್ಟಿಗೆ ಹೊಡೆದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಆಟ ನಡೆಸುವವನು ಗುಂಪನ್ನು ಕಿರಿದು ಮಾಡಬೇಕು, ಓಡಿಹೋಗಲು ದಾರಿ ಬಿಡಬೇಕು. ಜೆಯಕುಮಾರ್ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ದಾಳ ಎಸೆಯುವಾಗ ಅವಳು ಕೆಳದುಟಿ ಕಚ್ಚಿಕೊಳ್ಳುತ್ತಿದ್ದಳು. ಎಸೆದು ಕಾರ್ಟನ್ನಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ, ಮರೆಯಲ್ಲಿ ಪಿಶಾಚಿಗಳಿಗೆ ಬಿದ್ದ ಅಂಕೆಯನ್ನು ನುಂಗಿ, ಬೇರೊಂದನ್ನು ಹೇಳುತ್ತಿದ್ದ. ಆ ಕೋಣೆಯ ಪಿಶಾಚಿಗಳಿಗೆಲ್ಲ ಗೋಮತಿಯ ಎದುರು ಕಣ್ಣು ಮಂಜಾಗುತ್ತಿತ್ತು.

ಒಂದು ಭಾನುವಾರ ಮಣಿ, ಜೆಯಂತಿ ಬಜ್ಜಿ ತರಲು ಹೋದರು. ಗೋಮತಿ ಏಳಲಿಲ್ಲ.

“ಮಣಿಗೆ ಏಟು ಬಿದ್ರೆ ತಮಿಳಲ್ಲಿ ಯೋಳ್ತೀರ,” ಎಂದಳು. “ನನ್ ಸರದಿ ಬಂದ್ರೆ ಮಾತ್ರ ನಮ್ಮನೆ ಮಾತಲ್ಲಿ ‘ತಪ್ಪೋಯ್ತು’ ಅಂತೀರ. ಪೊಯ್ ಯೋಳಾಕೆ, ಸುಳ್ಳಾಡಾಕೆ ನಮ್ ಮಾತೇ ಬೇಕಾ?”

ಅವನ ಕಿವಿ ಕೆಂಪಾಯಿತು. ಹೌದು, ನಿಜವಾದ ಅಂಕೆಗಳು ತಮಿಳಿನಲ್ಲಿ, ಮೇಜಿನವರೆಲ್ಲರ ಮಾತಿನಲ್ಲಿ ಬರುತ್ತಿದ್ದವು. ಅವಳನ್ನು ಕಾಪಾಡುವಾಗ ಮಾತ್ರ ನಾಲಿಗೆ ತಾನಾಗಿ ಮನೆಮಾತಿಗೆ ಹೊರಳುತ್ತಿತ್ತು.

“ಮನೇಲೂ ಇದೇ. ಒಬ್ಬಳೇ ಓಗ್ಬ್ಯಾಡ, ಅದು ಮುಟ್ಬ್ಯಾಡ. ಇಲ್ಲಿಗಾದ್ರೂ ಏಟು ತಿನ್ನಾಕೆ ಬಂದೆ. ಇಲ್ಲೂ ಇಂಗೇ ಆದ್ರೆ ಇನ್ ನಾನು ಬರಲ್ಲ.”

ಅವನು ಎದ್ದ. ಕಾರ್ಟನ್ನನ್ನು ಮಡಚಿ ಮೂಲೆಗೆ ಒರಗಿಸಿದ. ಬಜ್ಜಿ ಬಂತು, ಆಟ ಮುಂದುವರಿಯಿತು, ದಾಳ ಎಲ್ಲರ ಕಣ್ಣೆದುರು ಉರುಳಿತು. ಸೇತುವೆಯ ಮೇಲೆ ಪಿಶಾಚಿಗಳು ಕಳ್ಳಿಯನ್ನು ಸುತ್ತಿಕೊಂಡವು. ಓಡಿಹೋಗಲು ದಾರಿಯಿತ್ತು, ಗೋಮತಿ ಓಡಲಿಲ್ಲ. ಕಳ್ಳಿ ಸತ್ತಳೆಂದು ಜೆಯಕುಮಾರ್ ತಮಿಳಿನಲ್ಲೇ ಹೇಳಿದ. 

ಆಟ ಮುಗಿದು ಮಣಿ, ಜೆಯಂತಿ ಬಸ್ಸಿಗೆ ಹೊರಟರು. ಗೋಮತಿಯೂ ಬ್ಯಾಗು ಹೆಗಲಿಗೇರಿಸಿದಳು. ಇವಳೂ ಹೋದರೆ ಮತ್ತೆ ಚೊಂಬು, ಫೋನು. ಅವನಿಗೆ ತಡೆಯಲಾಗಲಿಲ್ಲ.

“ಕಳ್ಳಿ ಸತ್ತೋದ್ರೆ ನೀವು ಮತ್ತೆ ಬರಲ್ಲಾಂತ ಬಯ ಇತ್ತು. ನಿಮಗೋಸ್ಕರ ಅಲ್ಲ, ನನಗೋಸ್ಕರ ಸುಳ್ಳು ಯೋಳ್ದೆ. ನೀವು ಬಂದ ದಿನ ಮಾತ್ರ ಈ ಮನೇಲಿ ನಮ್ ಮಾತು ಕೇಳ್ತದೆ. ನಿಮ್ ಮೇಲೆ ಆಸೆ ನಂಗೆ.”

ಅವಳು ಬಾಗಿಲಲ್ಲೇ ಅವನ ಕಡೆ ತಿರುಗಿದಳು. ಇದು ಸುಳ್ಳಲ್ಲವೆಂದು ಗೊತ್ತಾಯಿತೇನೋ, ನಿಮ್ಮ ಪಾತ್ರ ಯಾವುದು ಎಂದು ಕೇಳಿದಳು. ತನಗೆ ಯಾವತ್ತೂ ಪಾತ್ರವಿರಲಿಲ್ಲ, ಆಟ ನಡೆಸುವವನು ಎದುರಿಗೆ ಒಬ್ಬನೇ ಕೂರುತ್ತಾನೆ ಎಂದ.

ಗೋಮತಿ ಬ್ಯಾಗು ಕೆಳಗಿಟ್ಟಳು. ಅವನನ್ನು ಎಬ್ಬಿಸಿ ಆಡುವವರ ಕಡೆ ಕೂರಿಸಿ, ಅವನ ಕುರ್ಚಿಯಲ್ಲಿ ತಾನು ಕೂತು, ಖಾಲಿ ಹಾಳೆಯೊಂದನ್ನು ಅವನತ್ತ ತಳ್ಳಿದಳು.

“ನಿಮ್ ಪಾತ್ರದ ಎಸ್ರು ಬರೀರಿ. ಏಟು ಬಿದ್ರೆ ಬಿತ್ತೂಂತ್ಲೇ ಯೋಳ್ತೀನಿ,” ಎಂದಳು ಮನೆಮಾತಿನಲ್ಲಿ. “ಆದ್ರೆ ನೀವು ಬಿದ್ರೂ ನಾನು ಎದ್ದೋಗಲ್ಲ.”