ಹನ್ನೊಂದು ಸೆಕೆಂಡಿನ ದನಿ

"ಕೆಟ್ಟ ಮೇಲೆ ಈ ಲ್ಯಾಪ್‌ಟಾಪನ್ನ ಎಷ್ಟು ಸಲ ಆನ್ ಮಾಡಿದ್ರಿ?"

"ದಿನಾ."

ಕದಿರೇಶ ಸ್ಕ್ರೂಡ್ರೈವರ್ ಕೆಳಗಿಟ್ಟ.

"ದಿನಾನಾ! ಯಾಕ್ರೀ? ಆನ್ ಮಾಡಿದಾಗೆಲ್ಲ ಒಳಗೆ ಡಿಸ್ಕು ಕೆರೆದು ಹೋಗುತ್ತೆ. ಉಳಿದಿದ್ದನ್ನೂ ನೀವೇ ಅಳಿಸಿದ್ದೀರಿ!"

ಶಿರೀಷಾಳ ಮುಖ ಕದಲಲಿಲ್ಲ.

"ಟಿಕ್ ಟಿಕ್ ಅನ್ನುತ್ತಲ್ಲ... ಅವರ ಸಾಮಾನಲ್ಲಿ ಸದ್ದು ಮಾಡೋದು ಅದೊಂದೇ ಉಳಿದಿತ್ತು."

ಅದು 2006. ಶ್ರೀನಿವಾಸಪುರದಿಂದ ಬಸ್ಸು ಹತ್ತಿ ಅವಳು ಮುಳಬಾಗಿಲಿನ ಕದಿರೇಶನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಿದ್ದಳು. ಗಂಡ ವೇಣು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದ. ದೇವರಾಯಸಮುದ್ರದ ಹತ್ತಿರ ಅವನ ಬೈಕಿಗೆ ಲಾರಿ ಗುದ್ದಿ, ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಆ ದಿನ ಬೆನ್ನಿಗಿದ್ದ ಚೀಲದಲ್ಲಿದ್ದದ್ದು ಇದೇ ಲ್ಯಾಪ್‌ಟಾಪ್.

"ಒಂದೇ ಒಂದು ಬೇಕು," ಅಂದಳು. "ಅವರ ದನಿ. ಒಂದ್ಸಲ ರೆಕಾರ್ಡ್ ಮಾಡಿದ್ರು. ಈಗೀಗ... ಹೇಗಿತ್ತು ಅನ್ನೋದೇ ಮರೀತಿದೆ."

ಬೆಂಗಳೂರಿನಿಂದ ಅದೇ ಮಾದರಿಯ ಹಳೇ ಡ್ರೈವ್ ತಂದು, ಅದರ ಬಿಡಿಭಾಗ ಹಾಕಿ, ಕದಿರೇಶ ತೊಂಬತ್ತಾರು ಫೈಲುಗಳನ್ನು ಹೊರತೆಗೆದ. ಹೆಸರುಗಳೆಲ್ಲ ಅಳಿಸಿಹೋಗಿ ಬರೀ ನಂಬರುಗಳಿದ್ದವು.

"ಒಂದೊಂದನ್ನೂ ತೆರೆದೇ ನೋಡ್ಬೇಕು. ನೀವೇ ನೋಡಿ. ಗಂಡ ಹೆಂಡ್ತಿ ವಿಷಯ... ನಾನು ಆ ಕಡೆ ತಿರುಗಿ ಕೂತಿರ್ತೀನಿ."

ಪ್ರತಿ ಶನಿವಾರ ಅವಳು ಬಂದಳು. ಅವನು ಗೋಡೆಗೆ ಮುಖ ಮಾಡಿ ಕೂತ. ಪ್ರಶ್ನೆಪತ್ರಿಕೆ, ಹಾಜರಿ ಪಟ್ಟಿ, ಕತ್ತಿನಿಂದ ಕೆಳಗೆ ಬೂದಿ ಬಣ್ಣವಾಗಿದ್ದ ಮದುವೆ ಫೋಟೋ... ಏಳೆಂಟು ತೆರೆಯುವಷ್ಟರಲ್ಲಿ ಅವಳ ಕೈ ಸೋಲುತ್ತಿತ್ತು.

ಗೋಡೆ ನೋಡುತ್ತಲೇ ಅವನು ಟೀ ಲೋಟವನ್ನು ಹಿಂದಕ್ಕೆ ಚಾಚುತ್ತಿದ್ದ.

"ಕೈಗೆ ಸಿಕ್ತಾ ಮೇಡಂ? ಇಲ್ಲಾ ಕೀಬೋರ್ಡಿಗೆ ಕುಡಿಸಿದ್ನಾ?"

ಅವಳ ತುಟಿಯ ಅಂಚು ಅಲುಗಿದ್ದು ಅವನಿಗೆ ಕಾಣಲಿಲ್ಲ.

"ಏಮ್ಮಾ, ವಾರ ವಾರ ಮುಳಬಾಗಿಲಿಗೆ ಓಡ್ತೀಯಲ್ಲ," ಅಂದರು ಅತ್ತೆ ಅಕ್ಕಯಮ್ಮ. "ಅಲ್ಲೇನು ನನ್ನ ಮಗ ಎದ್ದು ಬರ್ತಾನಾ?"

ಶಿರೀಷಾ ಬಸ್ಸಿಗೆ ಚಿಲ್ಲರೆ ಎಣಿಸಿಕೊಂಡಳು.

ಮೂರು ತಿಂಗಳ ಮೇಲೆ ಒಂದೇ ಒಂದು ಫೈಲು ಉಳಿಯಿತು.

"ಒಂದ್ನಿಮಿಷ..." ಕದಿರೇಶ ಗೋಡೆ ನೋಡುತ್ತಲೇ ಅಂದ. "ಅದು ಅವರ ದನಿ. ಸರಿಯಾಗಿ ಬಂದಿದೆಯಾ ಅಂತ ಮೊದಲ ದಿನ ಒಂದನ್ನ ತೆರೆದಿದ್ದೆ. ಅದೇ ಆಗಿತ್ತು. ಹನ್ನೊಂದು ಸೆಕೆಂಡು. ಅದನ್ನ... ಕೊನೆಗೆ ಹಾಕಿದೆ."

"ಮೂರು ತಿಂಗಳು!" ಅವಳು ಎದ್ದು ನಿಂತಳು. "ನಾನು ಇಲ್ಲಿ ಒಂದೊಂದು ಫೈಲಿಗೂ ಸಾಯ್ತಿದ್ದೆ... ನೀವು ಸುಮ್ನೆ ಕೂತಿದ್ರಿ!"

ಅವನು ತಲೆ ತಗ್ಗಿಸಿ ಅದನ್ನು ಸಿಡಿಗೆ ಹಾಕಿಕೊಟ್ಟ. ಅವಳು ತಿರುಗಿ ನೋಡದೆ ಹೋದಳು.

ಆದರೆ ಮನೆಯ ಸಿಡಿ ಪ್ಲೇಯರಿಗೆ ಅದನ್ನು ಹಾಕಲು ಅವಳ ಕೈ ಏಳಲೇ ಇಲ್ಲ. 'ಕೇಳಿಬಿಟ್ಟರೆ ಮುಗಿಯಿತು. ಆಮೇಲೆ ಹುಡುಕಲು ಏನಿದೆ?' ನಾಲ್ಕು ಶನಿವಾರ ಹಾಗೇ ಕಳೆದವು.

ಐದನೆಯ ಶನಿವಾರ ಅವಳು ಅಂಗಡಿಯ ಬಾಗಿಲಲ್ಲಿದ್ದಳು. ಕದಿರೇಶ ಅವಳ ಕೈಯಿಂದ ಸಿಡಿ ತೆಗೆದುಕೊಂಡು ಹಾಕಿ, ಅಭ್ಯಾಸದಂತೆ ಗೋಡೆಗೆ ತಿರುಗಿದ.

"ಬೇಡ. ಈ ಕಡೆ ತಿರುಗಿ. ನನ್ನೊಬ್ಬಳ ಕೈಲಿ ಕೇಳೋಕೆ ಆಗ್ತಿಲ್ಲ."

ಅವನು ತಿರುಗಿದ. ಸ್ಪೀಕರಿನಲ್ಲಿ ವೇಣುವಿನ ದನಿ ಬಂತು: "ಶಿರೀ, ಮೈಕ್ ಹತ್ರ ಬಾರೇ... ಹಾಡು ಅಂದ್ರೆ ನಗ್ತೀಯಲ್ಲೇ!" ಹಿಂದೆಯೇ ಒಂದು ಹೆಣ್ಣಿನ ನಗು, ತುಂಬು ನಗು... ನಡುವೆಯೇ ತುಂಡಾಯಿತು.

ವೇಣು ಹೋದ ದಿನವೂ ಬಾರದ ಅಳು ಈಗ ಬಂತು. ಕದಿರೇಶ ತಡೆಯಲಿಲ್ಲ.

"ಆ ನಗ್ತಿರೋಳು... ನಾನಾ?"

"ನೀವೇ. ಆ ನಗು ಕೇಳಿದ್ಮೇಲೆ, ಫೈಲು ಕೈಗೆ ಸಿಕ್ರೆ ನೀವು ಮತ್ತೆ ಬರಲ್ಲ ಅನ್ನೋದು ನಂಗೆ ಸಹಿಸೋಕೆ ಆಗ್ಲಿಲ್ಲ. ತಪ್ಪು ಮಾಡ್ದೆ."

"ತಪ್ಪೇ." ಅವಳು ಕಣ್ಣೊರೆಸಿಕೊಂಡಳು. "ಆ ಥರ ನಗೋಕೆ ನಂಗೆ ಇನ್ಮೇಲೆ ಆಗುತ್ತೋ ಇಲ್ವೋ, ಕದಿರೇಶ್."

"ಆಗದಿದ್ರೂ ಪರವಾಗಿಲ್ಲ. ಶನಿವಾರ... ಬನ್ನಿ."

"ಬರ್ತೀನಿ. ಗೋಡೆ ನೋಡ್ಕೊಂಡು ಕೂತ್ರೆ ಮಾತ್ರ ಎದ್ದು ಹೋಗ್ತೀನಿ."