ಹತ್ತನೆಯ ಕೊಳವೆ

ಜುಲೈ ನಾಲ್ಕರ ಬಾಣಬಿರುಸಿಗೆ ಊರಿನವರು ಸಾಲ್ವಿಗ್‌ಳ ಹೆಸರಿಟ್ಟ ದಿನವೇ ಮೆರಿಟ್ ಲಿಂಡಾಲ್ ಅವಳ ಗಂಡನನ್ನು ಕೊಲ್ಲಲು ನಿಶ್ಚಯಿಸಿದ. ಬಾಣ ತುಂಬಿದ ಕೊಳವೆಗಳನ್ನು ಒಂದೊಂದಾಗಿ ಹಾರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದವನು ಮೆರಿಟ್. ಸತ್ತವಳಿಗೆ ಹೆಸರು, ಅವಳ ಮುದಿ ಗಂಡ ಆರ್ವಿಡ್‌ಗೆ ಚಪ್ಪಾಳೆ, ಮೆರಿಟ್‌ಗೆ ಕಾಗದದ ತಟ್ಟೆಯಲ್ಲಿ ಒಂದು ತುಂಡು ಹಣ್ಣಿನ ಪೈ.

ಹತ್ತನೆಯದು ಸಾಲ್ವಿಗ್‌ಳ ಕೊಳವೆ. ಸರೋವರದ ಇಬ್ಬನಿ ತಾಗದಂತೆ ಆರ್ವಿಡ್ ಪ್ರತಿ ವರ್ಷ ಅದಕ್ಕೆ ತಗಡಿನ ಹಾಳೆ ಸುತ್ತುತ್ತಿದ್ದ. ಮೊದಲನೆಯದು ಹಾರಿದ ಕೂಡಲೇ ತಾನೇ ಹೋಗಿ ಅದನ್ನು ಬಿಚ್ಚಿ, ಕೊಳವೆಯ ಮೇಲೆ ತಲೆಬಾಗಿ ದೇವರನ್ನು ನೆನೆದು ಹಿಂದೆ ಸರಿಯುತ್ತಿದ್ದ. ಹೆಂಡತಿ ಸತ್ತ ದುಃಖವನ್ನು ಹೀಗೆ ಮೆರೆಸುವ ಹಳ್ಳಿಗಮಾರ ಎಂದು ಮೆರಿಟ್ ಮೂಗು ಮುರಿಯುತ್ತಿದ್ದ.

ಕಂಪ್ಯೂಟರು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸುತ್ತದೆ. ಅದರ ಕಣ್ಣಿಗೆ ‘ಕೊಳವೆ 10’ ಎಂಬುದು ‘ಕೊಳವೆ 2’ಕ್ಕಿಂತ ಮುಂಚಿನದು, ಏಕೆಂದರೆ ಎರಡಕ್ಕಿಂತ ಒಂದು ಮುಂಚೆ. ಅಂಕಿಗಳನ್ನು ಸಂಖ್ಯೆಯೆಂದೇ ಓದಿಸುವ ಪ್ರೋಗ್ರಾಂನ ಸಾಲನ್ನು ಮೆರಿಟ್ ಈ ವರ್ಷ ಅಳಿಸಿಹಾಕಿದ. ಇನ್ನು ಒಂದರ ಬೆನ್ನಿಗೇ ಹತ್ತು ಹಾರುವುದು. ಎರಡರ ಸರದಿ ಹನ್ನೆರಡರ ನಂತರ.

ತಪ್ಪು, ಕೊಳವೆಗಳಿಗೆ ಹೆಸರು ಬರೆದು ಪಟ್ಟಿ ಕೊಡುವ ಆರ್ವಿಡ್‌ನ ತಲೆಗೆ ಬರಬೇಕು. ಅದಕ್ಕಾಗಿ ಅಗ್ನಿಶಾಮಕ ದಳದ ಊಟದಲ್ಲಿ ಎಲ್ಲರೆದುರು ಹಂಗಿಸಿದ.

“ಏನಜ್ಜ, ಒಂಟಿ ಅಂಕಿ ಮುಂದೆ ಸೊನ್ನೆ ಹಾಕ್ಬೇಕು, ಇಲ್ದಿದ್ರೆ ಸರದಿ ತಪ್ಪುತ್ತೆ ಅನ್ನೋದೂ ಗೊತ್ತಿಲ್ವ? ಯಾವತ್ತಾದ್ರೂ ಎಡವಟ್ಟಾಗುತ್ತೆ ನೋಡು.”

“ಸೊನ್ನೆಗೆ ಬೆಲೆ ಎಲ್ಲಿದೆಯೋ ಮಗಾ?” ಆರ್ವಿಡ್ ನಕ್ಕ. “ತಗೋ, ಇನ್ನೊಂದು ಸಾಸೇಜ್ ತಿನ್ನು.”

“ನಿನ್ ತಲೆಗೆ ಹೋಗಲ್ಲ ಬಿಡು!”

ಎಲ್ಲರೂ ನಕ್ಕರು. ಎಚ್ಚರಿಕೆಯ ಮಾತಿಗೆ ಇಡೀ ಮೇಜೇ ಸಾಕ್ಷಿ. ಮುದುಕ ಯಾರ ಮಾತನ್ನೂ ಕೇಳಿದವನಲ್ಲ. ಅವನು ಕೊಡುವ ಹೆಸರುಗಳ ಮೇಲೆ ಕಣ್ಣಾಡಿಸುವುದೂ ತನ್ನ ಘನತೆಗೆ ಕಡಿಮೆ ಎಂದು ಮೆರಿಟ್ ಅವನ್ನು ಹಾಗೆಯೇ ಯಂತ್ರಕ್ಕೆ ತುಂಬಿಸಿದ.

ಹತ್ತು ಸಿಡಿದ ಮರುಕ್ಷಣ ಪ್ರದರ್ಶನ ನಿಲ್ಲಿಸಿದರೆ ವೀರನೆಂಬ ಹೆಸರೂ ತನ್ನದೇ. ನಿಲ್ಲಿಸುವ ಗುಂಡಿ ಎರಡನೆಯ ಕೊಳವೆಯ ಆಚೆಗಿತ್ತು. ಅದರ ಬಾಯಿಯ ಮೇಲೆ ಬಾಗಿದರೆ ಮಾತ್ರ ಕೈಗೆಟಕುವುದು. ಮುಸ್ಸಂಜೆ ದಡದಲ್ಲಿ ಜನ ಕಂಬಳಿ ಹಾಸಿ ಕುಳಿತರು. ಮೊದಲನೆಯದು ಹಾರಿತು. ಆರ್ವಿಡ್ ಹತ್ತರ ಕಡೆ ನಡೆದ. ಎರಡರ ಸರದಿ ಇನ್ನೂ ದೂರವೆಂದು ಮೆರಿಟ್ ಅದರ ಮೇಲೆ ಎದೆಯೂರಿ ಬಾಗಿ, ಗುಂಡಿಯ ಮೇಲೆ ಬೆರಳಿಟ್ಟು ಮುದುಕನನ್ನೇ ನೋಡುತ್ತ ಕಾದ.

ಆರ್ವಿಡ್ ಹಾಳೆ ಬಿಚ್ಚುತ್ತ ಇತ್ತ ತಿರುಗಿ ಗಾಬರಿಯಿಂದ ಕೂಗಿದ: “ಮಗಾ, ಅಲ್ಲಿಂದ ಏಳು! ನೀನ್ ಹೇಳ್ದಂಗೇ ಮಾಡಿದೀನಿ ಕಣೋ!” ಮೆರಿಟ್ ಕೆಳಗೆ ನೋಡಿದ. ಮೊದಲನೆಯ ಬಾಣ ಮೇಲೆ ಚೆಲ್ಲಿದ ಕೆಂಪು ಬೆಳಕಿನಲ್ಲಿ, ತನ್ನ ಎದೆಯ ಕೆಳಗಿನ ಕೊಳವೆಯ ಮೇಲೆ, ಎರಡರ ಮುಂದೆ ಹೊಸ ಬಣ್ಣದ ದುಂಡನೆಯ ಸೊನ್ನೆಯೊಂದು ಹೊಳೆಯುತ್ತಿತ್ತು.